ಹದಿನೈದು ಸೆಕೆಂಡಿನ ರೀಲ್, ಮುಚ್ಚಿಟ್ಟ ಎರಡು ಗಂಟೆ

ಕಳೆದ ವರ್ಷ ಈದ್ ಕಳೆದು ಮೂರನೆಯ ದಿನ. ಅಸರ್ ಆದ ಸ್ವಲ್ಪ ಹೊತ್ತಿಗೆ ನನ್ನ ತಂಗಿಯ ಮಗ ಇಬ್ಬರು ಗೆಳೆಯರ ಜೊತೆ ಮನೆಗೆ ಬಂದ. ವಯಸ್ಸು ಹತ್ತೊಂಬತ್ತು, ಬಿ.ಕಾಂ. ಎರಡನೆಯ ವರ್ಷ. ಅಂಗಿಯ ತೋಳು ಹರಿದಿತ್ತು, ಮೊಣಕೈ ತರಚಿ ರಕ್ತ ಒಸರುತ್ತಿತ್ತು. "ಜಲ್ಲಿಯ ಮೇಲೆ ಬೈಕ್ ಸ್ಕಿಡ್ ಆಯಿತು, ಏನಿಲ್ಲ ಉಮ್ಮ" ಎಂದ. ಗೆಳೆಯರೂ ಹೌದೆಂದು ತಲೆಯಾಡಿಸಿದರು. ತಂಗಿ ಗದರುತ್ತಲೇ ಗಾಯ ತೊಳೆದು ಮುಲಾಮು ಹಚ್ಚಿದಳು. ಅವನು ಚಹಾ ಕೇಳಿ ಕುಡಿದ. ಹಬ್ಬಕ್ಕೆ ಮಾಡಿದ ಸಿಹಿಯಲ್ಲಿ ಉಳಿದಿದ್ದುದನ್ನು ತಿಂದ. ತಂಗಿಯನ್ನು ರೇಗಿಸಿದ. ಸ್ವಲ್ಪ ಹೊತ್ತಿನಲ್ಲೇ ವಾಂತಿಯಾಯಿತು. ತಲೆನೋವು, ಮಲಗುತ್ತೇನೆ ಎಂದು ಕೋಣೆಗೆ ಹೋದ. ಹಬ್ಬದ ಓಡಾಟ, ನಿದ್ದೆಗೆಟ್ಟಿದ್ದಾನೆ, ಮಲಗಲಿ ಎಂದು ಮನೆಯವರು ಸುಮ್ಮನಾದರು.

ಮಗ್ರಿಬ್‌ಗೆ ಎಬ್ಬಿಸಲು ಹೋದಾಗ ಅವನು ಗೊರಕೆ ಹೊಡೆಯುತ್ತಿದ್ದ. ಅಲುಗಾಡಿಸಿದರೂ ಏಳಲಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಹೇಗೆ ಬಿದ್ದ, ಎಷ್ಟು ವೇಗದಲ್ಲಿದ್ದ, ಹೆಲ್ಮೆಟ್ ಇತ್ತೇ?" ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಗೆಳೆಯರಲ್ಲಿ ಚಿಕ್ಕವನು ಗೋಡೆಗೊರಗಿ ಅಳಲು ಶುರು ಮಾಡಿದ. ಜಲ್ಲಿಯೂ ಇರಲಿಲ್ಲ, ಸ್ಕಿಡ್ಡೂ ಆಗಿರಲಿಲ್ಲ. ಬೈಪಾಸಿನಲ್ಲಿ ಮುಂದಿನ ಚಕ್ರ ಎತ್ತಿ ಓಡಿಸುವುದನ್ನು ಇನ್ನೊಂದು ಬೈಕಿನಿಂದ ಚಿತ್ರೀಕರಿಸುತ್ತಿದ್ದರು. ಮೊದಲ ಎರಡು ಸಲ ವಿಡಿಯೊ ಸರಿಯಾಗಿ ಬಂದಿರಲಿಲ್ಲ. ಮೂರನೆಯ ಸಲ ಬೈಕು ಡಿವೈಡರಿಗೆ ಬಡಿಯಿತು. ಹೆಲ್ಮೆಟ್ ಗೆಳೆಯನ ಬೈಕಿನ ಕನ್ನಡಿಗೆ ನೇತುಬಿದ್ದಿತ್ತು, ಹಾಕಿದರೆ ಮುಖ ಕಾಣುವುದಿಲ್ಲವಲ್ಲ. ಬಿದ್ದ ಮೇಲೆ ಒಂದೆರಡು ನಿಮಿಷ ಅವನಿಗೆ ಪ್ರಜ್ಞೆ ಇರಲಿಲ್ಲವಂತೆ. ಎದ್ದು ಕುಳಿತ ಮೇಲೆ ಮೂವರೂ ಸೇರಿ ಮಾಡಿದ ಮೊದಲ ಕೆಲಸ ವಿಡಿಯೊ ಅಳಿಸಿದ್ದು. ಎರಡನೆಯದು, ಮನೆಯಲ್ಲಿ ಏನು ಹೇಳಬೇಕೆಂದು ಮಾತಾಡಿಕೊಂಡದ್ದು.

ಸ್ಕ್ಯಾನಿನಲ್ಲಿ ತಲೆಬುರುಡೆಗೂ ಮಿದುಳಿನ ಹೊರಪದರಕ್ಕೂ ನಡುವೆ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಆ ರಾತ್ರಿಯೇ ಶಸ್ತ್ರಚಿಕಿತ್ಸೆ ಆಯಿತು. ಹುಡುಗ ಬದುಕಿದ, ಅಲ್‌ಹಮ್ದುಲಿಲ್ಲಾಹ್. ತಂಗಿ ಇಂದಿಗೂ ಹೇಳುವುದು ಒಂದೇ ಮಾತು: "ಚಹಾ ಕುಡಿದಿದ್ದಾನೆ, ನಕ್ಕಿದ್ದಾನೆ. ನನಗೆ ಹೇಗೆ ಗೊತ್ತಾಗಬೇಕು?"

ಗೊತ್ತಾಗುವುದು ನಿಜಕ್ಕೂ ಕಷ್ಟ. ಆದ್ದರಿಂದ ಇದನ್ನು ಇಲ್ಲಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಕಿವಿಯ ಮೇಲ್ಭಾಗದಲ್ಲಿ, ಕಪಾಲದ ಬದಿಯಲ್ಲಿ, ತಲೆಬುರುಡೆಯ ಮೂಳೆ ತೆಳುವಾಗಿರುತ್ತದೆ. ಅದರ ಒಳಮೈಗೆ ಅಂಟಿಕೊಂಡಂತೆ ಒಂದು ರಕ್ತನಾಳ ಹಾದುಹೋಗುತ್ತದೆ. ಪೆಟ್ಟಿಗೆ ಮೂಳೆ ಬಿರುಕುಬಿಟ್ಟರೆ ಆ ನಾಳ ಹರಿಯಬಹುದು. ಪೆಟ್ಟು ಬಿದ್ದ ಕ್ಷಣಕ್ಕೆ ಪ್ರಜ್ಞೆ ತಪ್ಪಿ, ಆಮೇಲೆ ಮರಳಿ ಬಂದು, ಗಾಯಾಳು ಮಾಮೂಲಿನಂತೆ ಮಾತಾಡುತ್ತಾನೆ, ನಡೆಯುತ್ತಾನೆ. ಒಳಗೆ ಮಾತ್ರ ರಕ್ತ ಸೇರುತ್ತಲೇ ಇರುತ್ತದೆ. ತಲೆಬುರುಡೆ ಹಿಗ್ಗುವ ಚೀಲವಲ್ಲ. ಒಳಗೆ ಜಾಗ ಮುಗಿದಾಗ ಆ ರಕ್ತ ಮಿದುಳನ್ನು ಒತ್ತತೊಡಗುತ್ತದೆ. ಈ ನಡುವಿನ, ಎಲ್ಲವೂ ಸರಿಯಾಗಿರುವಂತೆ ಕಾಣುವ ಹೊತ್ತು ಕೆಲವರಲ್ಲಿ ಕೆಲವು ನಿಮಿಷ, ಕೆಲವರಲ್ಲಿ ಕೆಲವು ಗಂಟೆ. ಶಸ್ತ್ರಚಿಕಿತ್ಸೆಗೆ ಅತ್ಯಂತ ಅನುಕೂಲವಾದ ಸಮಯವೂ ಅದೇ. ನಮ್ಮ ಹುಡುಗ ಆ ಸಮಯದಲ್ಲಿ ಚಹಾ ಕುಡಿಯುತ್ತಿದ್ದ.

ತಲೆಗೆ ಪೆಟ್ಟು ಬಿದ್ದವರು ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿ ಮಾಡಿದರೆ, ತಲೆನೋವು ಹೆಚ್ಚುತ್ತಾ ಹೋದರೆ, ಹೇಳಿದ್ದನ್ನೇ ಹೇಳುತ್ತಿದ್ದರೆ, ಮಂಪರು ಕವಿದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಕಿವಿ ಅಥವಾ ಮೂಗಿನಿಂದ ರಕ್ತವೋ ನೀರಿನಂಥ ದ್ರವವೋ ಇಳಿದರೆ, ಫಿಟ್ಸ್ ಬಂದರೆ ತಡ ಮಾಡಬೇಡಿ. ಮಲಗಿ ಎದ್ದರೆ ಸರಿಹೋದೀತು ಎಂದು ಕಾಯುವಂತಿಲ್ಲ. ಕುಡಿಯಲು ತಿನ್ನಲು ಏನನ್ನೂ ಕೊಡದೆ, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು.

ಯಾರೂ ಇಲ್ಲದ ರಸ್ತೆಯಲ್ಲಿ ಯಾರೂ ಚಕ್ರ ಎತ್ತುವುದಿಲ್ಲ

ಮೂರನೆಯ ಸಲ ಯಾಕೆ ಎತ್ತಿದೆ ಎಂದು ಮುಂದೆ ಒಂದು ದಿನ ನಾನು ಅವನನ್ನೇ ಕೇಳಿದೆ. "ಎರಡನೆಯದರಲ್ಲಿ ಲೈಟ್ ಚೆನ್ನಾಗಿರಲಿಲ್ಲ ಮಾಮಿ" ಎಂದ. ಅವನಿಗೆ ಅದು ಉತ್ತರವೇ ಆಗಿತ್ತು. ನನಗೆ ಮಾತ್ರ ಸಿಟ್ಟು ಬಂತು.

ಈ ಸಿಟ್ಟಿನಲ್ಲಿ ನಾವು ಹಿರಿಯರು ಸಾಮಾನ್ಯವಾಗಿ "ಈಗಿನ ಮಕ್ಕಳಿಗೆ ಬುದ್ಧಿ ಇಲ್ಲ" ಎಂದುಬಿಡುತ್ತೇವೆ. ಬುದ್ಧಿ ಇದೆ. ಚಕ್ರ ಎತ್ತಿದರೆ ಬೀಳಬಹುದೆಂದು ಹತ್ತೊಂಬತ್ತರ ಹುಡುಗನಿಗೆ ನಮ್ಮಷ್ಟೇ ಚೆನ್ನಾಗಿ ಗೊತ್ತು. ವ್ಯತ್ಯಾಸವಿರುವುದು ಬೇರೆ ಕಡೆ. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಮಾರ್ಗೊ ಗಾರ್ಡ್ನರ್ 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. 306 ಮಂದಿಯನ್ನು ಮೂರು ಗುಂಪು ಮಾಡಿದರು: 13ರಿಂದ 16 ವರ್ಷದವರು, 18ರಿಂದ 22ರವರು, 24 ದಾಟಿದವರು. ಎಲ್ಲರಿಗೂ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಹಳದಿ ದೀಪ ಬಿದ್ದ ಮೇಲೂ ಎಷ್ಟು ದೂರ ಹೋಗುತ್ತಾರೆ, ಯಾವಾಗ ನಿಲ್ಲಿಸುತ್ತಾರೆ ಎಂಬುದೇ ಪರೀಕ್ಷೆ. ಕೆಲವರು ಒಬ್ಬರೇ ಆಡಿದರು, ಕೆಲವರು ತಮ್ಮ ವಯಸ್ಸಿನ ಜೊತೆಗಾರರ ಎದುರು ಆಡಿದರು. ಜೊತೆಗಾರರು ನೋಡುತ್ತಿದ್ದಾಗ ಹದಿಹರೆಯದವರೂ 18ರಿಂದ 22ರವರೂ ಹೆಚ್ಚು ಅಪಾಯಕ್ಕೆ ಕೈಹಾಕಿದರು. 24 ದಾಟಿದವರ ಮೇಲೆ ಗೆಳೆಯರ ಕಣ್ಣು ಅಷ್ಟು ಕೆಲಸ ಮಾಡಲಿಲ್ಲ.

ಪ್ರಚೋದನೆಗೆ, ಬಹುಮಾನಕ್ಕೆ ತುಡಿಯುವ ಮಿದುಳಿನ ಭಾಗ ಹದಿಹರೆಯದಲ್ಲೇ ಚುರುಕಾಗುತ್ತದೆ. ತಡೆದು, ತೂಗಿ ನೋಡುವ ಮುಂಭಾಗ ಪೂರ್ತಿ ಬಲಿಯುವುದಕ್ಕೆ ಇಪ್ಪತ್ತರ ನಡುಹರೆಯವಾದರೂ ಆಗಬೇಕು. ಆಕ್ಸಿಲರೇಟರ್ ಮೊದಲು ಬಂದಿದೆ, ಬ್ರೇಕ್ ಆಮೇಲೆ ಬರಲಿದೆ. ನಮ್ಮ ಕಾಲದಲ್ಲೂ ಹೀಗೇ ಇತ್ತು. ಬಾವಿಗೆ ಹಾರಿದವರು, ಓಡುವ ಬಸ್ಸಿನ ಏಣಿಗೆ ಜೋತುಬಿದ್ದವರು ನಮ್ಮಲ್ಲೂ ಇದ್ದರು. ಆದರೆ ಆಗ ನೋಡುವ ಕಣ್ಣುಗಳು ನಾಲ್ಕೈದು. ಸಂಜೆಯಾದರೆ ಅವರೂ ಮನೆಗೆ ಹೋಗುತ್ತಿದ್ದರು. ಈಗ ನೋಡುಗರು ಜೇಬಿನಲ್ಲೇ ಇರುತ್ತಾರೆ, ಮನೆಗೆ ಹೋಗುವುದಿಲ್ಲ.

ಆ ನೋಡುಗರು ಕೊಡುವ ಲೈಕ್ ಏನು ಮಾಡುತ್ತದೆ ಎಂಬುದನ್ನೂ ಪರೀಕ್ಷಿಸಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13ರಿಂದ 18 ವರ್ಷದ 32 ಮಕ್ಕಳನ್ನು ಸ್ಕ್ಯಾನರಿನೊಳಗೆ ಮಲಗಿಸಿ ಇನ್‌ಸ್ಟಾಗ್ರಾಮಿನಂಥ ಪರದೆಯಲ್ಲಿ ಚಿತ್ರಗಳನ್ನು ತೋರಿಸಿದರು. ಪ್ರತಿ ಚಿತ್ರದ ಕೆಳಗೂ ಲೈಕುಗಳ ಸಂಖ್ಯೆ. ಅದನ್ನು ನಿಜವಾಗಿ ಹಾಕಿದ್ದು ಸಂಶೋಧಕರೇ. ಒಂದೇ ಚಿತ್ರಕ್ಕೆ ಕೆಲವರ ಪರದೆಯಲ್ಲಿ ತುಂಬ ಲೈಕ್, ಉಳಿದವರ ಪರದೆಯಲ್ಲಿ ಕೆಲವೇ. ಹೆಚ್ಚು ಲೈಕ್ ಇದ್ದುದಕ್ಕೇ ಮಕ್ಕಳೂ ಲೈಕ್ ಒತ್ತಿದರು. ತಮ್ಮದೇ ಚಿತ್ರಕ್ಕೆ ಹೆಚ್ಚು ಲೈಕ್ ಕಂಡಾಗ ಬಹುಮಾನಕ್ಕೆ ಸ್ಪಂದಿಸುವ ಮಿದುಳಿನ ಭಾಗ ಜಾಗೃತವಾಯಿತು. ನನ್ನನ್ನು ಯೋಚನೆಗೆ ಹಚ್ಚಿದ್ದು ಇನ್ನೊಂದು ಫಲಿತಾಂಶ. ಸಿಗರೇಟು, ಮದ್ಯದಂಥ ಅಪಾಯದ ಚಿತ್ರಗಳನ್ನು ನೋಡುವಾಗ, ತಡೆಯುವ ಕೆಲಸಕ್ಕೆ ಸಂಬಂಧಿಸಿದ ಭಾಗಗಳ ಚಟುವಟಿಕೆ ಕಡಿಮೆಯಾಗಿತ್ತು. 32 ಮಂದಿಯ ಅಧ್ಯಯನವೆಂದರೆ ಚಿಕ್ಕದು, ಅದರಿಂದ ಎಲ್ಲವನ್ನೂ ತೀರ್ಮಾನಿಸುವಂತಿಲ್ಲ. ಆದರೂ ಬೈಪಾಸಿನಲ್ಲಿ ನಿಂತ ಮೂವರು ಹುಡುಗರನ್ನು ಅರ್ಥ ಮಾಡಿಕೊಳ್ಳಲು ನನಗೆ ಇದು ನೆರವಾಯಿತು.

ನಮ್ಮ ದೇಶದಲ್ಲಿ ಟಿಕ್‌ಟಾಕ್ ನಿಷೇಧವಾದದ್ದು 2020ರ ಜೂನ್ ಕೊನೆಯಲ್ಲಿ. ಮಕ್ಕಳು ಬಚಾವಾದರು ಎಂದು ನಿಟ್ಟುಸಿರು ಬಿಟ್ಟವರಲ್ಲಿ ನಾನೂ ಒಬ್ಬಳು. ಜುಲೈಯಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್. ಹೆಸರು ಬೇರೆ, ಯಂತ್ರ ಒಂದೇ. ಯಾವ ವಿಡಿಯೊದ ಮೇಲೆ ನಿಮ್ಮ ಬೆರಳು ನಿಂತಿತು, ಯಾವುದನ್ನು ಕೊನೆಯವರೆಗೆ ನೋಡಿದಿರಿ, ಯಾವುದನ್ನು ಇನ್ನೊಬ್ಬರಿಗೆ ಕಳಿಸಿದಿರಿ ಎಂಬುದನ್ನು ಅದು ಲೆಕ್ಕ ಹಾಕುತ್ತದೆ. ಮೆಚ್ಚಿ ನೋಡಿದಿರೋ, ಎದೆ ಹಿಡಿದುಕೊಂಡು ನೋಡಿದಿರೋ ಎಂಬುದು ಅದಕ್ಕೆ ಹೆಚ್ಚುಕಡಿಮೆ ಒಂದೇ. ಚಕ್ರ ಎತ್ತಿದ ವಿಡಿಯೊವನ್ನು "ಯಾ ಅಲ್ಲಾಹ್, ಈ ಮಕ್ಕಳು ನೋಡಿ!" ಎಂದು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕುವ ನಾವೂ ಆ ಹುಡುಗನ ಎಣಿಕೆಯನ್ನು ಏರಿಸಿರುತ್ತೇವೆ. ಮತ್ತೆ, ಅಲ್ಲಿ ಕಾಣಸಿಗುವುದು ಬಹುಪಾಲು ಬೀಳದೆ ಉಳಿದವರ ವಿಡಿಯೊಗಳೇ. ಬಿದ್ದವರದು ನಮ್ಮ ಹುಡುಗನದರಂತೆ ಅಳಿಸಿಹೋಗುತ್ತದೆ. ನೂರು ರೀಲ್ ನೋಡಿದವನಿಗೆ ನೂರು ಮಂದಿಯೂ ಎದ್ದು ನಿಂತದ್ದೇ ಕಂಡಿರುತ್ತದೆ.

ಚಕ್ರ ಎತ್ತಿದಾಗ ಆಗುವುದೇನು

ಬೈಕಿನ ದಿಕ್ಕು ಬದಲಿಸುವುದು ಮುಂದಿನ ಚಕ್ರ. ಜೋರಾಗಿ ನಿಲ್ಲಿಸುವಾಗ ಹೆಚ್ಚಿನ ಕೆಲಸ ಮಾಡುವುದೂ ಮುಂದಿನ ಬ್ರೇಕೇ. ಅದನ್ನು ನೆಲದಿಂದ ಎತ್ತಿದೊಡನೆ ಎರಡೂ ಹೋದವು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಬೈಕು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಚಿತ್ರ ತೆಗೆಯುವವನು ಸರಿಯಾದ ಜಾಗದಲ್ಲಿದ್ದಾನೆಯೇ ಎಂದು ಎರಡು ಸೆಕೆಂಡ್ ಓರೆಗಣ್ಣಿನಲ್ಲಿ ನೋಡುವಷ್ಟರಲ್ಲಿ 33 ಮೀಟರ್ ಕಳೆದಿರುತ್ತದೆ. ಚಿತ್ರ ತೆಗೆಯುವವನ ಸ್ಥಿತಿಯೂ ಅಷ್ಟೇ, ಅವನ ಕಣ್ಣು ರಸ್ತೆಯ ಮೇಲಿರುವುದೇ ಇಲ್ಲ. ಎದುರಿನಿಂದ ಸ್ಕೂಟರಿನಲ್ಲಿ ಮಗುವನ್ನು ಕೂರಿಸಿಕೊಂಡು ಬರುವ ಯಾರೋ ಒಬ್ಬರಿಗೆ ಈ ಚಿತ್ರೀಕರಣದ ಸುದ್ದಿಯೇ ಗೊತ್ತಿರುವುದಿಲ್ಲ. 2024ರ ಆಗಸ್ಟಿನಲ್ಲಿ ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ ಚಕ್ರ ಎತ್ತಿ ಓಡಿಸುತ್ತಿದ್ದವರ ಸ್ಕೂಟರುಗಳನ್ನು ಸಿಟ್ಟಿಗೆದ್ದ ಜನ ಮೇಲ್ಸೇತುವೆಯಿಂದ ಕೆಳಕ್ಕೆ ಎಸೆದರು. ಕೆಳಗೂ ರಸ್ತೆಯಿದೆ, ಜನರಿರುತ್ತಾರೆ. ಎಸೆದದ್ದೂ ಅಪಾಯವೇ, ಅದರ ವಿಡಿಯೊ ಕೂಡ ಭರ್ಜರಿ ಓಡಿತು.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಮೂವರಲ್ಲಿ ಇಬ್ಬರು 18ರಿಂದ 45ರ ವಯಸ್ಸಿನವರು. ಹೆಲ್ಮೆಟ್ ಧರಿಸದೆ ಸತ್ತವರೇ 50,029. ಇವರೆಲ್ಲ ರೀಲ್ ಮಾಡಲು ಹೋದವರಲ್ಲ, ನಿಜ. ಆದರೆ ಹೆಲ್ಮೆಟ್ ಏನು ಮಾಡಬಲ್ಲದೆಂಬುದಕ್ಕೆ ಲೆಕ್ಕವಿದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಾಮರ್ಶೆಯ ಪ್ರಕಾರ ಅದು ಸಾವಿನ ಸಾಧ್ಯತೆಯನ್ನು ಸುಮಾರು 42 ಶೇಕಡಾ, ತಲೆಯ ಗಾಯದ ಸಾಧ್ಯತೆಯನ್ನು ಸುಮಾರು 69 ಶೇಕಡಾ ಕಡಿಮೆ ಮಾಡುತ್ತದೆ. ಪಟ್ಟಿ ಬಿಗಿದಿದ್ದರೆ ಮಾತ್ರ. ಕನ್ನಡಿಗೆ ನೇತುಹಾಕಿದ ಹೆಲ್ಮೆಟ್ ಕನ್ನಡಿಯನ್ನಷ್ಟೇ ಕಾಯುತ್ತದೆ.

ಕಾನೂನನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಅನೇಕ ತಂದೆಯಂದಿರಿಗೆ ಇದು ಗೊತ್ತಿಲ್ಲ. ಹದಿನೆಂಟು ತುಂಬದ ಮಗ ವಾಹನ ಓಡಿಸಿ ಅಪರಾಧವೆಸಗಿದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ ತಪ್ಪಿತಸ್ಥರೆಂದು ಪರಿಗಣಿತರಾಗುವವರು ಪೋಷಕರು ಅಥವಾ ವಾಹನದ ಮಾಲೀಕರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಮಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ ಬೈಕಿನ ಉಡುಗೊರೆ ಕೊಡುವ ಸೋದರಮಾವಂದಿರೂ, ಗಲ್ಫಿನಿಂದ ಹಣ ಕಳಿಸಿ "ಮಗ ಕೇಳಿದ್ದನ್ನು ತೆಗೆಸಿಕೊಡು" ಎನ್ನುವ ತಂದೆಯಂದಿರೂ ಇದನ್ನು ಓದಲಿ.

ನೀರಿನ ಬದಿಯಲ್ಲೂ ಇದೇ ಕಥೆ

ಬೈಕ್ ಇಲ್ಲದ ಮನೆಯವರು ನಿಶ್ಚಿಂತರಾಗುವಂತಿಲ್ಲ. 2011ರ ಅಕ್ಟೋಬರ್‌ನಿಂದ 2017ರ ನವೆಂಬರ್‌ವರೆಗೆ ಜಗತ್ತಿನಲ್ಲಿ ಸೆಲ್ಫಿ ತೆಗೆಯಲು ಹೋಗಿ ಸತ್ತವರ ಸುದ್ದಿಗಳನ್ನು ನಮ್ಮ ದೇಶದ ವೈದ್ಯರ ತಂಡವೊಂದು ಒಟ್ಟುಗೂಡಿಸಿತ್ತು. 137 ಘಟನೆಗಳು, 259 ಸಾವು. ಸತ್ತವರ ಸರಾಸರಿ ವಯಸ್ಸು 23ರ ಹತ್ತಿರ. ನಾಲ್ವರಲ್ಲಿ ಸುಮಾರು ಮೂವರು ಗಂಡಸರು. ಅತಿ ಹೆಚ್ಚು ಸಾವು ಭಾರತದಲ್ಲಿ, ಕಾರಣಗಳಲ್ಲಿ ಮೊದಲನೆಯದು ನೀರಿನಲ್ಲಿ ಮುಳುಗುವುದು. ಪತ್ರಿಕೆಯಲ್ಲಿ ಸೆಲ್ಫಿ ಎಂದು ಬರೆದ ಸುದ್ದಿಗಳಷ್ಟೇ ಈ ಲೆಕ್ಕಕ್ಕೆ ಬಂದಿವೆ. "ಕಾಲುಜಾರಿ ಬಿದ್ದು ಯುವಕ ಸಾವು" ಎಂದಷ್ಟೇ ಅಚ್ಚಾದ ಸುದ್ದಿಗಳು ಇದರಲ್ಲಿಲ್ಲ. ಅಂಥವನ್ನು ನಾವು ಪ್ರತಿ ಮಳೆಗಾಲದಲ್ಲೂ ಓದುತ್ತೇವೆ.

2023ರ ಜುಲೈಯಲ್ಲಿ ಕೊಲ್ಲೂರು ಬಳಿಯ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಜಾರಿ ಬಿದ್ದು ಕೊಚ್ಚಿಹೋದದ್ದು ಗೆಳೆಯನ ಮೊಬೈಲಿನಲ್ಲಿ ಪೂರ್ತಿ ದಾಖಲಾಗಿತ್ತು. ದೇಹ ಸಿಕ್ಕಿದ್ದು ಒಂದು ವಾರದ ಮೇಲೆ. ಆ ವಾರವಿಡೀ ಆ ವಿಡಿಯೊ ಎಲ್ಲರ ಮೊಬೈಲುಗಳಲ್ಲಿ ಓಡುತ್ತಿತ್ತು, ಅವನ ಮನೆಯವರ ಕೈಗೂ ಬಂದಿರಬಹುದು. ಜಲಪಾತದ ಬಂಡೆಗಳು ಮಳೆಗಾಲದಲ್ಲಿ ಪಾಚಿ ಹಿಡಿದು ಸೋಪಿನಂತಾಗಿರುತ್ತವೆ. ನಾವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಮಳೆ ಸುರಿದಿದ್ದರೆ ನೀರು ಇದ್ದಕ್ಕಿದ್ದಂತೆ ಏರುತ್ತದೆ. ಕಡಲಿನದು ಬೇರೆ ಬಗೆಯ ಮೋಸ. ದಡಕ್ಕೆ ಬಂದ ಅಲೆಗಳ ನೀರು ಒಂದು ಕಿರಿದಾದ ದಾರಿಯಲ್ಲಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ಆದ್ದರಿಂದ ಫೋಟೊಕ್ಕೆ ಅದೇ ಶಾಂತ ಜಾಗವಾಗಿ ಕಾಣುತ್ತದೆ. ಸಿಕ್ಕಿಬಿದ್ದವರು ದಡದ ಕಡೆಗೇ ಈಜಲು ಹೋಗಿ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿ ಆ ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು, ಆಗದಿದ್ದರೆ ತೇಲುತ್ತಾ ಕೈಯೆತ್ತಿ ಕರೆಯಬೇಕು. ಈಜು ಬಾರದ ಗೆಳೆಯ ರಕ್ಷಿಸಲು ಹಾರಬಾರದು, ಹಗ್ಗವೋ ಖಾಲಿ ಕ್ಯಾನೋ ಎಸೆಯಬೇಕು. ಒಬ್ಬನನ್ನು ಉಳಿಸಲು ಹೋಗಿ ಮೂವರು ಹೋದ ಮನೆಗಳು ನಮ್ಮ ಕರಾವಳಿಯಲ್ಲಿ ಇವೆ.

ಹೇಳಲು ಬಿಡುವ ಮನೆ

ಮೊಬೈಲ್ ಕಿತ್ತುಕೊಳ್ಳಿ ಎಂದು ನಾನು ಬರೆಯಲಾರೆ. ಹತ್ತೊಂಬತ್ತರ ಹುಡುಗನಿಂದ ಕಿತ್ತುಕೊಂಡರೆ ಅವನು ಗೆಳೆಯನ ಮೊಬೈಲಿನಲ್ಲಿ ಅದನ್ನೇ ಮಾಡುತ್ತಾನೆ, ನಿಮಗೆ ಗೊತ್ತಾಗುವುದಿಲ್ಲ ಅಷ್ಟೆ. ಬೈಕಿನ ಕೀಲಿ ಮಾತ್ರ ಬೇರೆ ವಿಷಯ. ಅದು ಮನೆಯ ಮೊಳೆಗೆ ನೇತಿರಲಿ, ಎಲ್ಲಿಗೆ, ಯಾರ ಜೊತೆ ಎಂದು ಹೇಳಿ ತೆಗೆದುಕೊಂಡು ಹೋಗಲಿ. ಹಬ್ಬದ ಸಂಜೆ, ಮದುವೆಯ ದಿಬ್ಬಣ, ಪರೀಕ್ಷೆ ಮುಗಿದ ದಿನ, ಈ ಮೂರರಲ್ಲಿ ಹೆಚ್ಚು ಎಚ್ಚರ ಬೇಕು. ದಿಬ್ಬಣದ ಕಾರಿನ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಚಿತ್ರ ತೆಗೆಸಿಕೊಳ್ಳುವವರನ್ನು ನೋಡಿ ಹಿರಿಯರೇ ಚಪ್ಪಾಳೆ ತಟ್ಟುವುದನ್ನು ನಾನು ಕಂಡಿದ್ದೇನೆ.

ರೀಲ್ ಮಾಡುವ ಆಸೆಯೇ ತಪ್ಪೆಂದು ನನಗೆ ಅನಿಸುವುದಿಲ್ಲ. ಯಾರಾದರೂ ನನ್ನನ್ನು ನೋಡಲಿ, ಶಹಭಾಸ್ ಎನ್ನಲಿ ಎಂಬ ಹಸಿವು ಅದು. ಮನೆಯಲ್ಲಿ ಕೊನೆಯ ಸಲ ಯಾವಾಗ ಶಹಭಾಸ್ ಅಂದಿದ್ದೆವು ಎಂದು ತಂಗಿಯೂ ಅವಳ ಗಂಡನೂ ಆಸ್ಪತ್ರೆಯ ವರಾಂಡದಲ್ಲಿ ಕೂತು ಲೆಕ್ಕ ಹಾಕುತ್ತಿದ್ದರು. ಊಟ ನಿದ್ದೆ ಬಿಟ್ಟು ಲೈಕ್ ಎಣಿಸುವ, ಕಡಿಮೆಯಾದರೆ ಕುಗ್ಗಿಹೋಗುವ ಮಕ್ಕಳಿಗೆ ಗದರಿಕೆಯಿಂದ ಪ್ರಯೋಜನವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ 'ಶಟ್' ಎಂಬ ಕ್ಲಿನಿಕ್ 2014ರಿಂದ ನಡೆಯುತ್ತಿದೆ. ಅಷ್ಟು ದೂರ ಹೋಗಲಾಗದವರು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಗೆಳೆಯರಿಗೂ ಒಂದು ಮಾತು. ಬಿದ್ದವನನ್ನು ಎತ್ತಿ ಬೈಕಿನ ಮಧ್ಯೆ ಕೂರಿಸಿಕೊಂಡು ಹೋಗಬೇಡಿ, ಕುತ್ತಿಗೆಯ ಮೂಳೆ ಮುರಿದಿದ್ದರೆ ಅಷ್ಟಕ್ಕೇ ಕೈಕಾಲು ಹೋಗಬಹುದು. ಉಸಿರಾಟಕ್ಕೆ ಅಡ್ಡಿ ಇಲ್ಲದಿದ್ದರೆ ಹೆಲ್ಮೆಟನ್ನು ಎಳೆದು ತೆಗೆಯಬೇಡಿ. ಅಲುಗಿಸದೆ ಮಲಗಿಸಿ 108ಕ್ಕೆ ಕರೆ ಮಾಡಿ. ಸಹಾಯ ಮಾಡಿದವರಿಗೆ ಕಾಯ್ದೆಯ 134ಎ ಕಲಮಿನ ರಕ್ಷಣೆ ಇದೆ, ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಖರ್ಚಿನ ಭಯದಿಂದಲೂ ಅಡಗಿಸಬೇಡಿ, 2025ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಮತ್ತು ವಿಡಿಯೊ ಅಳಿಸಬೇಡಿ, ವೈದ್ಯರಿಗೆ ತೋರಿಸಿ. ತಲೆ ಎಲ್ಲಿ, ಹೇಗೆ ಬಡಿಯಿತು ಎಂಬುದು ಅವರಿಗೆ ಬೇಕು.

ಅವನು ಮನೆಗೆ ಬಂದ ಮೇಲೆ ನಾನು ಆ ಚಿಕ್ಕ ಗೆಳೆಯನನ್ನು ಕರೆದು ಕೇಳಿದೆ, ಬಿದ್ದ ತಕ್ಷಣ ಮನೆಗೆ ಯಾಕೆ ಹೇಳಲಿಲ್ಲ ಎಂದು. "ಅವನ ಬಾಪ ಬೈಕ್ ಮಾರಿಬಿಡುತ್ತಾರೆ ಅಂತ ಅವನೇ ಹೇಳಬೇಡ ಅಂದ ಮಾಮಿ." ಬಾಪ ಅಲ್ಲೇ ಬಾಗಿಲ ಬಳಿ ನಿಂತಿದ್ದರು. ಏನೂ ಹೇಳದೆ ಒಳಗೆ ಹೋದರು.

ಹುಡುಗ ಈಗ ಕಾಲೇಜಿಗೆ ಹೋಗುತ್ತಾನೆ. ಒಂದು ವರ್ಷ ಹಿಂದೆ ಬಿದ್ದಿದ್ದಾನೆ. ಓದಿದ್ದು ಬೇಗ ಮರೆಯುತ್ತದೆ, ಸಣ್ಣದಕ್ಕೂ ರೇಗುತ್ತಾನೆ. ತಲೆಗೆ ಪೆಟ್ಟು ಬಿದ್ದವರಲ್ಲಿ ಮೂಗಿನಿಂದ ಮಿದುಳಿಗೆ ಹೋಗುವ ಸೂಕ್ಷ್ಮ ನರಗಳು ಹರಿದು ವಾಸನೆ ಹೋಗುವುದುಂಟು, ಅವನಿಗೂ ಹೋಗಿದೆ. ಈ ಈದ್‌ಗೆ ತಂಗಿ ಘೀ ರೈಸ್ ಮಾಡಿದ್ದಳು. ತಟ್ಟೆಯನ್ನು ಮುಖದ ಹತ್ತಿರ ಹಿಡಿದು ಒಂದು ಕ್ಷಣ ಸುಮ್ಮನಿದ್ದು, ಚೆನ್ನಾಗಿದೆ ಉಮ್ಮ ಎಂದು ಊಟ ಮಾಡಿದ.